ಬಾಕಿ ಉಳಿದ ಮೂರು ವರ್ಷ

ಪ್ರಶ್ನೆ: ಅಕ್ಕಾ, ನನಗೆ ಈಗ 27. ನನ್ನನ್ನು ‘ನೀನು’ ಅಂತಲೇ ಕರೆಯಿರಿ. ಕಳೆದ ಮೂರು ವರ್ಷ ಹೇಗೆ ಹೋಯಿತೋ ಗೊತ್ತೇ ಆಗಲಿಲ್ಲ. ಎರಡು ಸಲ ಕೆಲಸ ಬದಲಾಯಿತು, ಮೂರು ಸಲ ಮನೆ ಬದಲಾಯಿತು. ನಡುವೆ ಅಮ್ಮನಿಗೆ ಆಪರೇಷನ್ ಆಯಿತು. ಒಂಬತ್ತು ತಿಂಗಳು ವಾರವಾರ ಊರಿಗೆ ಓಡಾಡಿದೆ. ಕೆಲಸದ ಜೊತೆಗೇ ಒಂದು ಕೋರ್ಸನ್ನೂ ಮುಗಿಸಿದೆ. ಈಗ ಒಂದು ತಿಂಗಳಿಂದ ಸ್ವಲ್ಪ ಬಿಡುವು. ಉಸ್ಸಪ್ಪಾ ಅಂತ ಕೂತರೆ ಬಾಕಿ ಕೆಲಸಗಳೇ ಕಣ್ಣ ಮುಂದೆ ಬಂದು ನಿಲ್ಲುತ್ತವೆ. ಮೊಬೈಲ್‌ನಲ್ಲಿ 11,000 ಫೋಟೋ ಇವೆ, ಒಂದನ್ನೂ ತಿರುಗಿ ನೋಡಿಲ್ಲ. ಡೈರಿಯಲ್ಲಿ ಎರಡು ವರ್ಷ ಪೂರ್ತಿ ಖಾಲಿ. ಮೊದಲ ಮನೆಯಿಂದ ತಂದ ಎರಡು ರಟ್ಟಿನ ಪೆಟ್ಟಿಗೆ ಇನ್ನೂ ಬಿಚ್ಚಿಲ್ಲ. ಒಂದು ಹಲ್ಲು ಆಗಾಗ ನೋಯುತ್ತದೆ. ನಿದ್ದೆಯಂತೂ ಸರಿಯಾಗಿ ಮಾಡಿದ ನೆನಪೇ ಇಲ್ಲ. ಎಲ್ಲಕ್ಕಿಂತ ಜಾಸ್ತಿ ಚುಚ್ಚುವುದು ನನ್ನ ಕಾಲೇಜಿನ ಗೆಳತಿ. ಎಂಟು ತಿಂಗಳ ಹಿಂದೆ ಉದ್ದಕ್ಕೆ ಮೆಸೇಜ್ ಕಳಿಸಿದ್ದಳು. ಸಮಾಧಾನವಾಗಿ ಬರೆಯೋಣ ಅಂತ ಬಿಟ್ಟೆ. ಈಗ ಬರೆಯಲು ಮುಖವಿಲ್ಲ. ಒಂದು ವಾರ ರಜೆ ಹಾಕಿ ಎಲ್ಲವನ್ನೂ ಮುಗಿಸಿಬಿಡೋಣ ಅಂದುಕೊಂಡಿದ್ದೇನೆ. ಎಲ್ಲಿಂದ ಶುರು ಮಾಡಲಿ?
— ಹೆಸರು ಬೇಡ

ಉತ್ತರ: ತಂಗಿ, ಹಲ್ಲಿನಿಂದ ಶುರು ಮಾಡು.

ನಿನ್ನ ಪತ್ರವನ್ನು ಎರಡು ಸಲ ಓದಿದೆ. ಅಷ್ಟು ಬಾಕಿಗಳಲ್ಲಿ, ಕಾದಷ್ಟೂ ಖಂಡಿತ ಕೆಡುವುದು ಅದೊಂದೇ. ಚರ್ಮ ತರಚಿದರೆ ಮತ್ತೆ ಬೆಳೆಯುತ್ತದೆ. ಮೂಳೆ ಮುರಿದರೂ ಕೂಡಿಕೊಳ್ಳುತ್ತದೆ. ಹಲ್ಲಿನ ಹೊರಗಿನ ಪದರದಲ್ಲಿ ಜೀವಕೋಶಗಳೇ ಇಲ್ಲ. ಅಲ್ಲಿ ಒಮ್ಮೆ ತೂತು ಬಿದ್ದರೆ ತಾನಾಗಿ ಮುಚ್ಚಿಕೊಳ್ಳುವುದಿಲ್ಲ. ಫೋಟೋಗಳು ಹಾಗಲ್ಲ, ಇನ್ನೊಂದು ವರ್ಷ ಬಿಟ್ಟರೂ ಅಷ್ಟೇ ಇರುತ್ತವೆ. ಪೆಟ್ಟಿಗೆಗಳೂ ಅಷ್ಟೇ. ಆದ್ದರಿಂದ ಈ ಪುಟ ಓದಿ ಮುಗಿಸುವ ಮೊದಲೇ ಡಾಕ್ಟರಿಗೆ ಫೋನ್ ಮಾಡಿ ಸಮಯ ಕೇಳು. ನಾನು ಕಾಯುತ್ತೇನೆ.

ಮಾಡಿದೆಯಾ? ಸರಿ.

ಈಗ ನಿನ್ನ ಒಂದು ವಾರದ ರಜೆಯ ವಿಷಯ. ರಜೆ ಹಾಕು, ಖಂಡಿತ ಹಾಕು. ಆದರೆ ಅದರಲ್ಲಿ ಎಲ್ಲಾ ಮುಗಿಯುತ್ತದೆ ಅನ್ನುವ ಲೆಕ್ಕ ಮಾತ್ರ ಬೇಡ. ಕೆನಡಾದಲ್ಲಿ ಕೆಲವು ಮನಶ್ಶಾಸ್ತ್ರಜ್ಞರು ಪದವಿಯ ಕೊನೆಯ ಹಂತದ ವಿದ್ಯಾರ್ಥಿಗಳನ್ನು ಕೇಳಿದರಂತೆ, ನಿಮ್ಮ ಪ್ರಬಂಧ ಮುಗಿಯಲು ಎಷ್ಟು ದಿನ ಬೇಕು ಅಂತ. ಸರಾಸರಿ 34 ದಿನ ಅಂದರು. ಹೋಗಲಿ, ಎಲ್ಲಾ ಅಡ್ಡಿ ಆತಂಕ ಬಂದರೂ ಎಷ್ಟು ದಿನ ಅಂದರೆ, ಸುಮಾರು 49 ಅಂದರು. ಕೊನೆಗೆ ಆದದ್ದು 55 ದಿನಕ್ಕೂ ಜಾಸ್ತಿ. ಇದು 1994ರಲ್ಲಿ ಪ್ರಕಟವಾದದ್ದು. ಆ ಹುಡುಗರು ಸೋಮಾರಿಗಳಲ್ಲ. ಎಲ್ಲಾ ಕೆಟ್ಟರೆ ಏನಾಗುತ್ತದೆ ಅಂತ ಊಹಿಸುವಾಗಲೂ ನಾವು ನಮ್ಮ ಕಡೆಗೇ ಸ್ವಲ್ಪ ವಾಲುತ್ತೇವೆ. ಮೂರು ವರ್ಷದ ಬಾಕಿಯನ್ನು ಏಳು ದಿನಕ್ಕೆ ಕಟ್ಟಿಹಾಕಿದರೆ ಎಂಟನೇ ದಿನ ನೀನು ಇನ್ನೂ ಸುಸ್ತಾಗಿ, ಬೇಜಾರಾಗಿ ಕೆಲಸಕ್ಕೆ ಹೋಗುತ್ತೀಯ. ಅದು ನನಗೆ ಬೇಡ.

ಆ ವಾರದ ಮೊದಲ ಮೂರು ದಿನ ನಿದ್ದೆ ಮಾಡು. ಬರೀ ನಿದ್ದೆ. ಅಲಾರಂ ಇಡಬೇಡ.

ಆದರೆ ಮೂರು ವರ್ಷದ ನಿದ್ದೆಯನ್ನು ಆ ಮೂರು ದಿನದಲ್ಲಿ ತೀರಿಸಿದೆ ಅಂತ ತಿಳಿಯಬೇಡ. ಅಮೆರಿಕದ ಕೊಲೊರಾಡೊದಲ್ಲಿ ಆರೋಗ್ಯವಂತ ಯುವಜನರ ಮೇಲೆ ಒಂದು ಅಧ್ಯಯನ ನಡೆಯಿತು. 2019ರಲ್ಲಿ ಅದರ ಫಲಿತಾಂಶ ಬಂತು. ವಾರದ ದಿನಗಳಲ್ಲಿ ರಾತ್ರಿಗೆ 5 ಗಂಟೆ ಮಾತ್ರ ಮಲಗಲು ಅವಕಾಶ, ವಾರದ ಕೊನೆಯಲ್ಲಿ ಬೇಕಾದಷ್ಟು, ಆಮೇಲೆ ಮತ್ತೆ 5 ಗಂಟೆ. ಎರಡು ದಿನ ಮನಸಾರೆ ಮಲಗಿದ್ದರೂ, ಸಕ್ಕರೆಯನ್ನು ನಿಭಾಯಿಸುವ ಶಕ್ತಿ ದೇಹದಲ್ಲಿ ಕುಗ್ಗಿಯೇ ಇತ್ತು. ನಿದ್ದೆ ಕೂಡಿಟ್ಟು ಖರ್ಚು ಮಾಡುವ ದುಡ್ಡಲ್ಲ. ದೊಡ್ಡವರಿಗೆ ದಿನಕ್ಕೆ ಕಡಿಮೆ ಅಂದರೂ 7 ಗಂಟೆ ಬೇಕು ಅಂತ ನಿದ್ರಾ ತಜ್ಞರು ಹೇಳುತ್ತಾರೆ. ಆ ಮೂರು ದಿನ ನಾನು ಕೇಳುತ್ತಿರುವುದು ಹಳೆಯದನ್ನು ತೀರಿಸಲು ಅಲ್ಲ. ತಲೆ ತಿಳಿಯಾಗಲಿ ಅಂತ. ನಿದ್ದೆಗೆಟ್ಟ ತಲೆಗೆ ಎಲ್ಲಾ ಬಾಕಿಗಳೂ ಒಂದೇ ಗಾತ್ರದಲ್ಲಿ ಕಾಣುತ್ತವೆ. ಬಿಚ್ಚದ ಪೆಟ್ಟಿಗೆಯೂ ಗೆಳತಿಯೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ನಿನ್ನ ಪತ್ರದಲ್ಲಿ ಆಗಿರುವುದೂ ಅದೇ, ಅಲ್ವಾ?

ಈಗ ಆ ಗೆಳತಿಯ ವಿಷಯಕ್ಕೆ ಬರುತ್ತೇನೆ. ಇದನ್ನು ಸ್ವಲ್ಪ ಉದ್ದವಾಗಿ ಹೇಳಬೇಕು. ಯಾಕೆಂದರೆ ಇದೇ ತಪ್ಪನ್ನು ನಾನೂ ಮಾಡಿದ್ದೇನೆ.

ನನಗೆ ಆಗ 26. ಒಂದು ಪತ್ರಿಕೆಯಲ್ಲಿ ಕರಡು ತಿದ್ದುವ ಕೆಲಸ. ರಾತ್ರಿ ಪಾಳಿ. ಮನೆಯಲ್ಲಿ ಅಪ್ಪ ಹಾಸಿಗೆ ಹಿಡಿದಿದ್ದರು. ಬೆಳಿಗ್ಗೆ ಬಂದು ಅವರ ಮೈ ಒರೆಸಿ, ಔಷಧಿ ಕೊಟ್ಟು, ಮಧ್ಯಾಹ್ನ ಎರಡು ತಾಸು ಮಲಗಿ, ಮತ್ತೆ ಸಂಜೆ ಹೊರಡುವುದು. ಹೀಗೇ ಎರಡು ವರ್ಷ ನಡೆಯಿತು. ಶುರುವಿನಲ್ಲೇ ಒಬ್ಬ ಗೆಳತಿಯಿಂದ ಕಾಗದ ಬಂತು. ಮೂರು ಹಾಳೆ, ನೀಲಿ ಶಾಯಿ. ಕೊನೆಯಲ್ಲಿ ತನ್ನ ಕಿಟಕಿಯ ಹತ್ತಿರ ಒಂದು ಗಿಡ ಇಟ್ಟಿದ್ದೇನೆ, ಬಿಸಿಲು ಸಾಲುತ್ತಿಲ್ಲ ಅಂತ ಬರೆದಿದ್ದಳು. ಓದಿ ಖುಷಿಯಾಯಿತು. ಇಷ್ಟು ಚೆಂದದ ಕಾಗದಕ್ಕೆ ಅಷ್ಟೇ ಚೆಂದವಾಗಿ ಉತ್ತರ ಬರೆಯಬೇಕು ಅಂದುಕೊಂಡೆ. ಆಫೀಸಿನಲ್ಲಿ ನನ್ನ ಮೇಜಿನ ಮೇಲೆ ಇದ್ದ ನಿಘಂಟಿನೊಳಗೆ ಮಡಚಿಟ್ಟೆ.

ಕರಡು ತಿದ್ದುವವರಿಗೆ ನಿಘಂಟು ಅಂದರೆ ಬಡಗಿಗೆ ಉಳಿ ಇದ್ದಂತೆ. ದಿನಕ್ಕೆ ಹತ್ತು ಸಲ ತೆಗೆಯುತ್ತಿದ್ದೆ. ತೆಗೆದಾಗಲೆಲ್ಲ ಆ ಕಾಗದದ ಅಂಚು ಕಾಣುತ್ತಿತ್ತು. ಮೊದಮೊದಲು ಬೆಳ್ಳಗಿದ್ದ ಅಂಚು ನನ್ನ ಬೆರಳು ತಗುಲಿ ತಗುಲಿ ಕಂದು ಬಣ್ಣಕ್ಕೆ ತಿರುಗಿತು. ಎರಡು ತಿಂಗಳಾದ ಮೇಲೆ ಬರೆಯಲು ಕೂತೆ. ‘ಇಷ್ಟು ದಿನ ಬರೆಯದೇ ಇದ್ದದ್ದಕ್ಕೆ ಕ್ಷಮಿಸು’ ಅಂತ ಶುರು ಮಾಡಿದೆ. ಕ್ಷಮೆ ಕೇಳಿದ ಮೇಲೆ ಕಾರಣ ಹೇಳಬೇಕು. ಕಾರಣ ಹೇಳಲು ಅಪ್ಪನ ಕಾಯಿಲೆ ಹೇಳಬೇಕು. ಅದನ್ನು ಹೇಳುವಷ್ಟು ಬಲ ಆ ರಾತ್ರಿ ನನ್ನಲ್ಲಿ ಇರಲಿಲ್ಲ. ಬಿಟ್ಟೆ. ಆರು ತಿಂಗಳಿಗೆ ಮತ್ತೆ ಅದೇ ಸಾಲು ಬರೆದೆ. ಈಗ ಕಾರಣ ಇನ್ನೂ ದೊಡ್ಡದಿರಬೇಕು ಅನ್ನಿಸಿತು. ಮತ್ತೆ ಬಿಟ್ಟೆ. ನಿನಗೆ ಗೊತ್ತಾಗುತ್ತಿದೆಯಲ್ಲ, ತಂಗಿ? ತಡವಾದಷ್ಟೂ ಉತ್ತರ ಉದ್ದವಾಗಬೇಕು. ಉದ್ದವಾಗಬೇಕಾದಷ್ಟೂ ತಡವಾಗುತ್ತದೆ. ಇದರಲ್ಲಿ ಗೆಳತಿ ಎಲ್ಲೂ ಇಲ್ಲ. ಇರುವುದು ನಾನು ಮತ್ತು ನನ್ನ ನಾಚಿಕೆ, ಎರಡೇ.

ಹದಿನಾಲ್ಕು ತಿಂಗಳಾದ ಮೇಲೆ ಒಂದು ರಾತ್ರಿ ಪುಟ ಬರುವುದು ತಡವಾಯಿತು. ಸುಮ್ನೆ ಕೂತಿದ್ದೆ. ಹಾಳಾದ ಕರಡು ಹಾಳೆಯ ಹಿಂದೆ ನಾಲ್ಕು ಸಾಲು ಬರೆದೆ. ‘ನಿನ್ನ ಕಾಗದ ನನ್ನ ನಿಘಂಟಿನಲ್ಲಿದೆ. ದಿನಾ ನೋಡುತ್ತೇನೆ. ಅಪ್ಪನಿಗೆ ಹುಷಾರಿಲ್ಲ, ನನಗೆ ರಾತ್ರಿ ಪಾಳಿ. ನಿನ್ನ ಗಿಡ ಹೇಗಿದೆ?’ ಇಷ್ಟೇ. ಮತ್ತೊಮ್ಮೆ ಓದಿದರೆ ಹರಿದುಹಾಕುತ್ತೇನೆ ಅಂತ ಗೊತ್ತಿತ್ತು. ಓದದೆ ಅಂಟಿಸಿದೆ.

ಒಂದು ವಾರಕ್ಕೆ ಉತ್ತರ ಬಂತು. ‘ಆ ಗಿಡ ಸತ್ತುಹೋಯಿತು ಕಣೇ. ಇನ್ನೊಂದು ತಂದೆ. ಎರಡು ಎಲೆ ಬಿಟ್ಟಿದೆ. ಅಪ್ಪ ಹೇಗಿದ್ದಾರೆ?’ ಹದಿನಾಲ್ಕು ತಿಂಗಳ ಬಗ್ಗೆ ಒಂದೇ ಒಂದು ಮಾತಿಲ್ಲ.

ನಿನಗೆ ಸಮಾಧಾನವಾಗಲಿ ಅಂತ ಈ ಕತೆ ಹೇಳುತ್ತಿಲ್ಲ. 2022ರಲ್ಲಿ ಅಮೆರಿಕದ ಸಂಶೋಧಕರು ಇದನ್ನೇ ಅಳೆದು ನೋಡಿದ್ದಾರೆ. ಒಟ್ಟು 13 ಪ್ರಯೋಗ, 5,900ಕ್ಕೂ ಹೆಚ್ಚು ಜನ. ಬಹಳ ದಿನದಿಂದ ಮಾತಿಲ್ಲದವರಿಗೆ ಒಂದು ಚಿಕ್ಕ ಸಂದೇಶವನ್ನೋ ಚಿಕ್ಕ ಉಡುಗೊರೆಯನ್ನೋ ಕಳಿಸಿದಾಗ, ಕಳಿಸಿದವರು ಊಹಿಸಿದ್ದಕ್ಕಿಂತ ಪಡೆದವರ ಖುಷಿ ಜಾಸ್ತಿ ಇತ್ತು. ನಿರೀಕ್ಷೆಯೇ ಇಲ್ಲದೆ ಬಂದಾಗ ಖುಷಿ ಇನ್ನೂ ಹೆಚ್ಚು. ಅಂದರೆ ನಿನ್ನ ಎಂಟು ತಿಂಗಳು, ನೀನು ಹೆದರುವಂತೆ, ಬರೀ ನಿನಗೆ ವಿರುದ್ಧವಾಗಿಯೇ ಇಲ್ಲ.

ಇನ್ನೂ ಒಂದು ಲೆಕ್ಕ ಹೇಳುತ್ತೇನೆ. ಪರಿಚಯದವರು ಸಾಧಾರಣ ಸ್ನೇಹಿತರಾಗಲು ಜೊತೆಯಲ್ಲಿ ಸುಮಾರು 50 ಗಂಟೆ ಕಳೆಯಬೇಕು, ಹತ್ತಿರದ ಸ್ನೇಹಿತರಾಗಲು 200 ಗಂಟೆಗೂ ಮೀರಿ ಬೇಕು ಅಂತ ಕಾನ್ಸಾಸ್ ವಿಶ್ವವಿದ್ಯಾಲಯದ ಒಬ್ಬ ಪ್ರಾಧ್ಯಾಪಕರು 2018ರಲ್ಲಿ ತೋರಿಸಿದ್ದರು. ನೀನೂ ಅವಳೂ ಒಂದೇ ಬೆಂಚಿನಲ್ಲಿ ಕೂತ, ಒಟ್ಟಿಗೆ ಓದಿದ, ಬಸ್ಸಿಗೆ ಕಾದ ಗಂಟೆಗಳನ್ನು ಕೂಡಿಸಿ ನೋಡು. ಅದನ್ನೆಲ್ಲ ಹೊಸದಾಗಿ ಕಟ್ಟುವಷ್ಟು ಬಿಡುವು ನಿನಗೆ ಇನ್ನು ಸುಲಭವಾಗಿ ಸಿಗುವುದಿಲ್ಲ. ಕಟ್ಟಿದ್ದು ಇದೆ. ಬಾಗಿಲು ತಟ್ಟಬೇಕು, ಅಷ್ಟೇ.

ನಾಲ್ಕು ಸಾಲು ಸಾಕು. ಕ್ಷಮೆ ಕೇಳಲೇಬೇಕು ಅನ್ನಿಸಿದರೆ ಕೊನೆಯಲ್ಲಿ ಕೇಳು, ಮೊದಲ ಸಾಲಿನಲ್ಲಿ ಬೇಡ. ಅವಳ ಮೆಸೇಜನ್ನು ಮತ್ತೆ ಓದು. ಅದರಲ್ಲಿ ಅವಳು ಹೇಳಿದ ಒಂದು ಸಣ್ಣ ವಿಷಯ ಹಿಡಿದುಕೋ. ಅದರ ಬಗ್ಗೆ ಕೇಳು.

ನಿಜ ಹೇಳಬೇಕಲ್ಲ, ಅದೇ ವಾರ ನಾನು ಇನ್ನೊಬ್ಬಳಿಗೂ ಬರೆದೆ. ಅವಳ ಉತ್ತರ ಬರಲಿಲ್ಲ. ಇವತ್ತಿನವರೆಗೂ ಬಂದಿಲ್ಲ. ನೋವಾಯಿತು, ಈಗಲೂ ಒಮ್ಮೊಮ್ಮೆ ಆಗುತ್ತದೆ. ಆದರೂ ಬರೆದದ್ದು ಸರಿಯಾಯಿತು ಅಂತಲೇ ನನ್ನ ಲೆಕ್ಕ. ಹಾಗೇ, ಮೂರು ವರ್ಷದಲ್ಲಿ ಕೈಬಿಟ್ಟ ಎಲ್ಲರಿಗೂ ಬರೆಯಲು ಹೋಗಬೇಡ. ಮೂವರನ್ನು ಆರಿಸಿಕೋ. ಯಾರಿಗೆ ಒಳ್ಳೆಯ ಸುದ್ದಿ ಬಂದಾಗ ಮೊದಲು ಹೇಳಬೇಕು ಅನ್ನಿಸುತ್ತದೋ, ಅವರು.

ಇನ್ನು ಡೈರಿ ಮತ್ತು ಫೋಟೋ. ನಿನಗೆ ಇದು ಪಟ್ಟಿಯ ಕೊನೆಗೆ ಹೋಗಬೇಕಾದ ಕೆಲಸ ಅನ್ನಿಸಬಹುದು. ನನಗೆ ಹಾಗನ್ನಿಸುವುದಿಲ್ಲ.

ವಯಸ್ಸಾದವರನ್ನು ಕೂರಿಸಿಕೊಂಡು ನಿಮ್ಮ ಬದುಕಿನ ನೆನಪು ಹೇಳಿ ಅಂದರೆ, ಅವರು ಹೇಳುವುದರಲ್ಲಿ 10ರಿಂದ 30ರ ವಯಸ್ಸಿನ ನಡುವಿನದೇ ಹೆಚ್ಚು. ನೆನಪನ್ನು ಅಧ್ಯಯನ ಮಾಡುವವರು ಇದನ್ನು ಮತ್ತೆ ಮತ್ತೆ ಕಂಡಿದ್ದಾರೆ. ಮೊದಲ ಕೆಲಸ, ಮೊದಲ ಬಾಡಿಗೆ ಮನೆ, ಮೊದಲ ದೊಡ್ಡ ಆಘಾತ, ಎಲ್ಲಾ ಈ ಕಾಲದಲ್ಲೇ ಆಗುವುದು. ಹಾಗಂತ ಎಲ್ಲವೂ ತಾನಾಗಿ ಉಳಿಯುತ್ತದೆ ಅಂತಲ್ಲ. ಅಪ್ಪ ಹಾಸಿಗೆಯಲ್ಲಿದ್ದ ಆ ಎರಡು ವರ್ಷ ನಾನು ದಿನಾ ಅವರ ಪಕ್ಕದಲ್ಲಿದ್ದೆ. ಬೆಳಿಗ್ಗೆ ಮೈ ಒರೆಸುವಾಗ ಅವರು ಏನಾದರೂ ಮಾತಾಡುತ್ತಲೇ ಇರುತ್ತಿದ್ದರು. ಚಿಕ್ಕಂದಿನ ಕತೆ, ಅವರ ಅಮ್ಮನ ಸಿಟ್ಟು, ಒಂದು ಸೈಕಲ್ಲಿನ ವಿಷಯ. ಸೈಕಲ್ಲಿನ ವಿಷಯ ಇತ್ತು ಅಂತ ನೆನಪಿದೆ, ಏನು ವಿಷಯ ಅಂತ ನೆನಪಿಲ್ಲ. ಅವರು ಹೋದ ಮೇಲೆ ಬರೆದಿಡೋಣ ಅಂತ ಕೂತಾಗ ಸಿಕ್ಕಿದ್ದು ನಾಲ್ಕೋ ಐದೋ ಮಾತು. ಅಷ್ಟು ಸುಸ್ತಿನಲ್ಲಿ ಕೇಳಿದ್ದೆ, ಅದಕ್ಕೇ ನಿಲ್ಲಲಿಲ್ಲ. ನನ್ನ ಬಾಕಿಗಳಲ್ಲಿ ತೀರಿಸಲಾಗದೇ ಉಳಿದದ್ದು ಇದೊಂದು.

ನಿನ್ನ ಅಮ್ಮ ಚೇತರಿಸಿಕೊಂಡಿದ್ದಾರೆ ಅಂತ ನಿನ್ನ ಪತ್ರದಿಂದ ಅರ್ಥವಾಗುತ್ತದೆ. ಆ ಒಂಬತ್ತು ತಿಂಗಳ ಬಗ್ಗೆ ಅವರನ್ನೇ ಕೇಳಬಹುದು. ನಿನಗೆ ಆ ಅದೃಷ್ಟ ಇದೆ. ಕೂತು ಕೇಳು, ಅವರು ಹೇಳಿದ್ದನ್ನು ಬರೆದುಕೋ.

ಡೈರಿಯ ಖಾಲಿ ಪುಟಗಳನ್ನು ತಾರೀಖಿನ ಪ್ರಕಾರ ತುಂಬಲು ಹೋಗಬೇಡ. ನೆದರ್ಲ್ಯಾಂಡ್ಸಿನಲ್ಲಿ ವಿಲ್ಲೆಮ್ ವಾಗೆನಾರ್ ಅಂತ ಒಬ್ಬ ಮನಶ್ಶಾಸ್ತ್ರಜ್ಞರಿದ್ದರು. ಆರು ವರ್ಷ ತಮ್ಮ ಬದುಕಿನ ಘಟನೆಗಳನ್ನು ಬರೆದಿಟ್ಟರು. ಒಟ್ಟು 2,400 ಘಟನೆ. ಪ್ರತಿಯೊಂದಕ್ಕೂ ಏನಾಯಿತು, ಯಾರಿದ್ದರು, ಎಲ್ಲಿ, ಯಾವಾಗ ಅಂತ ನಾಲ್ಕು ಅಂಶ. ಆಮೇಲೆ ಒಂದೊಂದೇ ಅಂಶ ಕೊಟ್ಟುಕೊಂಡು ಉಳಿದದ್ದು ನೆನಪಾಗುತ್ತದೋ ಅಂತ ತಮ್ಮನ್ನೇ ಪರೀಕ್ಷಿಸಿಕೊಂಡರು. 1986ರಲ್ಲಿ ಅದನ್ನು ಪ್ರಕಟಿಸಿದರು. ‘ಏನಾಯಿತು’ ಅನ್ನುವ ಎಳೆ ಹಿಡಿದರೆ ಚೆನ್ನಾಗಿ ನೆನಪಾಗುತ್ತಿತ್ತು. ‘ಯಾವಾಗ’ ಅನ್ನುವುದೊಂದೇ ಕೊಟ್ಟರೆ ಹೆಚ್ಚುಕಡಿಮೆ ಏನೂ ಬರುತ್ತಿರಲಿಲ್ಲ. ಡೈರಿಯ ಖಾಲಿ ಪುಟ ನಿನ್ನನ್ನು ಕೇಳುವುದು ಆ ಪ್ರಶ್ನೆಯನ್ನೇ. ಮೇಲೆ ತಾರೀಖು, ಕೆಳಗೆ ಏನೂ ಇಲ್ಲ. ಅದಕ್ಕೇ ನಿನಗೆ ಬರೆಯಲಾಗುತ್ತಿಲ್ಲ. ನಿನ್ನ ಮರೆವಿನ ತಪ್ಪಲ್ಲ ಅದು.

ಬೇರೆ ನೋಟ್‌ಬುಕ್ ತೆಗೆದುಕೋ. ಪುಟದ ಮೇಲೆ ತಾರೀಖು ಹಾಕದೆ ಒಂದು ವಸ್ತುವಿನ ಹೆಸರೋ, ವ್ಯಕ್ತಿಯ ಹೆಸರೋ ಬರೆ. ‘ಎರಡನೇ ಮನೆಯ ಬೀಗ.’ ‘ಆಸ್ಪತ್ರೆಯಲ್ಲಿ ಪಕ್ಕದ ಹಾಸಿಗೆಯವರು.’ ‘ವಾರದ ಕೊನೆಯ ಬಸ್ಸಿನ ಕಿಟಕಿ.’ ಪುಟಕ್ಕೆ ಒಂದು. ಹತ್ತು ಸಾಲಾದರೂ ಸರಿ, ಎರಡಾದರೂ ಸರಿ. ಇಪ್ಪತ್ತು ಪುಟ ತುಂಬಿದರೆ ಮೂರು ವರ್ಷದ ಸಾರ ನಿನ್ನ ಕೈಯಲ್ಲಿರುತ್ತದೆ.

ಫೋಟೋ ಈ ಕೆಲಸಕ್ಕೆ ನೆರವಾಗಲಿ. 11,000ವನ್ನು ಜೋಡಿಸಲು ಕೂರಬೇಡ. ಒಂದು ತಿಂಗಳಿನ ಫೋಟೋಗಳನ್ನು ಬೇಗಬೇಗ ಮೇಲಕ್ಕೆ ಸರಿಸುತ್ತಾ ಹೋಗು. ಬೆರಳು ಎಲ್ಲಿ ತಾನಾಗಿ ನಿಲ್ಲುತ್ತದೋ ಅದನ್ನು ಆರಿಸಿಕೋ. ತಿಂಗಳಿಗೆ ಮೂರು ಅಂದರೂ ಮೂರು ವರ್ಷಕ್ಕೆ 108 ಆಯಿತು. ಅಷ್ಟನ್ನು ಕಾಗದದ ಮೇಲೆ ಪ್ರಿಂಟ್ ಹಾಕಿಸು. ಪ್ರತಿ ಫೋಟೋದ ಹಿಂದೆ ಅದರಲ್ಲಿ ಯಾರಿದ್ದಾರೆ, ಏನಾಗುತ್ತಿತ್ತು ಅಂತ ಪೆನ್ಸಿಲ್ಲಿನಲ್ಲಿ ಬರೆ. ಉಳಿದವು ಎಲ್ಲಿವೆಯೋ ಅಲ್ಲೇ ಇರಲಿ. ಒಂದು ಪ್ರತಿ ಬೇರೆ ಕಡೆ ತೆಗೆದಿಟ್ಟುಬಿಡು.

ರಟ್ಟಿನ ಪೆಟ್ಟಿಗೆ ಒಂದು ಮಧ್ಯಾಹ್ನದ ಕೆಲಸ. ಕಾಗದಪತ್ರ ಇದ್ದರೆ ತೆಗೆದುಕೋ, ಮಿಕ್ಕಿದ್ದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡ.

ಇಷ್ಟಾದ ಮೇಲೂ ಹತ್ತಾರು ಕೆಲಸ ಉಳಿಯುತ್ತದೆ. ಅವು ರಾತ್ರಿ ದಿಂಬಿಗೆ ತಲೆ ಇಟ್ಟ ತಕ್ಷಣ ಗುಂಯ್ ಅನ್ನುತ್ತವೆ. ಮುಗಿಯದ ಕೆಲಸ ಮನಸ್ಸನ್ನು ಕಾಡುತ್ತದೆ ಅನ್ನುವುದು ಹಳೆಯ ಮಾತು. 2011ರಲ್ಲಿ ಇಬ್ಬರು ಸಂಶೋಧಕರು ಅದರ ಇನ್ನೊಂದು ಮಗ್ಗುಲನ್ನು ತೋರಿಸಿದರು. ಕಾಟ ನಿಲ್ಲಲು ಕೆಲಸ ಮುಗಿಯಲೇಬೇಕು ಅಂತಿಲ್ಲ. ಯಾವಾಗ, ಎಲ್ಲಿ, ಹೇಗೆ ಮಾಡುತ್ತೇನೆ ಅಂತ ಖಚಿತವಾಗಿ ಬರೆದಿಟ್ಟರೂ ಮನಸ್ಸು ಅದನ್ನು ಕೆಳಗಿಡುತ್ತದೆ. ‘ಪಾಸ್‌ವರ್ಡ್‌ಗಳನ್ನು ಸರಿಮಾಡಬೇಕು’ ಅಂತ ಬರೆದರೆ ಸಾಲದು. ‘ಮುಂದಿನ ಶನಿವಾರ ಬೆಳಿಗ್ಗೆ, ಮೇಜಿನ ಹತ್ತಿರ ಕೂತು, ಮೊದಲು ಬ್ಯಾಂಕಿನದು’ ಅಂತ ಬರೆ. ಹೀಗೆ ಬರೆಯಲು ಕೂತಾಗ ಕೆಲವಕ್ಕೆ ದಿನವನ್ನೇ ಹಾಕಲು ಮನಸ್ಸು ಬರುವುದಿಲ್ಲ, ನೋಡು. ಅವನ್ನು ಹೊಡೆದುಹಾಕು. ಅವು ಯಾವತ್ತೋ ನಿನ್ನ ಕೆಲಸಗಳಾಗಿದ್ದವು, ಈಗಲ್ಲ.

ಮತ್ತೆ ತಂಗಿ, ಇನ್ನೊಂದು ವಿಷಯ. ನಿನ್ನ ಪತ್ರದ ಮೊದಲರ್ಧ ಪೂರ್ತಿ ನೀನು ಮಾಡಿದ ಕೆಲಸಗಳೇ ಇವೆ. ಎರಡು ಹೊಸ ಕೆಲಸ ಕಲಿತೆ. ಮೂರು ಮನೆ ನಿಭಾಯಿಸಿದೆ. ಅಮ್ಮನನ್ನು ನೋಡಿಕೊಂಡೆ. ಕೋರ್ಸ್ ಮುಗಿಸಿದೆ. ಅದನ್ನೆಲ್ಲ ಐದಾರು ಸಾಲಿನಲ್ಲಿ ದಾಟಿ, ಮಾಡದ್ದರ ಹತ್ತಿರ ಬಂದು ನಿಧಾನ ಮಾಡಿದ್ದೀಯ. ನೋಟ್‌ಬುಕ್ಕಿನ ಮೊದಲ ಪುಟಕ್ಕೆ ಆ ಐದಾರು ಸಾಲು ಹಾಕು.

ಪ್ರಶ್ನೆ: ನನಗೆ 24 ವರ್ಷ. ಎರಡು ವರ್ಷ ಪರೀಕ್ಷೆಗೆ ಓದುವುದರಲ್ಲೇ ಕಳೆದೆ. ಆಗಲಿಲ್ಲ. ಈಗ ಸಣ್ಣ ಕೆಲಸಕ್ಕೆ ಸೇರಿದ್ದೇನೆ. ಜೊತೆಯಲ್ಲಿ ಓದಿದವರು ಬಡ್ತಿ, ಮದುವೆ, ಸ್ವಂತ ಮನೆ ಅಂತ ಎಲ್ಲೋ ಹೋಗಿದ್ದಾರೆ. ಅವರ ಸಮಕ್ಕೆ ಬರಲು ಎಷ್ಟು ವರ್ಷ ಬೇಕು?
— ಒಬ್ಬ ಓದುಗ

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಒಂದು ದಾರಿ ಇದೆ, ಅದರ ಮೇಲೆ ಎಲ್ಲರೂ ಒಂದೇ ದಿಕ್ಕಿಗೆ ಓಡುತ್ತಿದ್ದಾರೆ. ಆ ದಾರಿ ನಿಜವಾಗಿ ಇದೆಯೇ ಅಂತ ನನಗೆ ಅನುಮಾನ.

ಜೆಫ್ರಿ ಆರ್ನೆಟ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞರು 2000ದಲ್ಲಿ ಒಂದು ಮಾತು ಹೇಳಿದರು. 18ರಿಂದ 25ರವರೆಗಿನ ಕಾಲ ಹುಡುಗುತನವೂ ಅಲ್ಲ, ಪೂರ್ತಿ ದೊಡ್ಡತನವೂ ಅಲ್ಲ, ಅದನ್ನು ಬೇರೆಯೇ ಹಂತ ಅಂತ ನೋಡಬೇಕು ಅಂದರು. ಮನೆ ಬದಲಾಗುವುದು, ಕೆಲಸ ಬದಲಾಗುವುದು, ಹಿಡಿದ ದಾರಿ ಬಿಟ್ಟು ಇನ್ನೊಂದು ಹಿಡಿಯುವುದು, ಇವೆಲ್ಲ ಆ ಹಂತದ ಲಕ್ಷಣಗಳೇ. ನಿಮಗೆ 24. ನೀವು ಅದರ ಒಳಗೇ ಇದ್ದೀರಿ. ನಿಮ್ಮ ಸ್ನೇಹಿತರೂ ಅಲ್ಲೇ ಇದ್ದಾರೆ. ಅವರ ಬಡ್ತಿಯ ಫೋಟೋ ನಿಮಗೆ ಕಾಣುತ್ತದೆ, ಅವರ ರಾತ್ರಿಗಳು ಕಾಣುವುದಿಲ್ಲ.

ಎರಡು ವರ್ಷದ ಓದು ಎಲ್ಲಿಗೂ ಹೋಗಿಲ್ಲ. ದಿನಕ್ಕೆ ಇಷ್ಟು ಹೊತ್ತು ಅಲುಗಾಡದೆ ಕೂರುವುದು ನಿಮಗೆ ಅಭ್ಯಾಸವಾಗಿದೆ. ಅದನ್ನು ಈ ಸಣ್ಣ ಕೆಲಸದ ಪಕ್ಕದಲ್ಲಿ ದಿನಕ್ಕೆ ಒಂದು ತಾಸು ಉಪಯೋಗಿಸಿ. ಯಾವ ವಿಷಯ ಓದುವಾಗ ಗಡಿಯಾರ ನೋಡುವುದು ಮರೆಯುತ್ತಿದ್ದಿರೋ ಅದಕ್ಕೆ. ಆರು ತಿಂಗಳು ಮಾಡಿ ನನಗೆ ಬರೆಯಿರಿ. ‘ಸಮಕ್ಕೆ’ ಅನ್ನುವ ಪ್ರಶ್ನೆಯ ಬದಲು ಬೇರೆ ಪ್ರಶ್ನೆ ಇದ್ದರೆ ನನಗೆ ಖುಷಿಯಾಗುತ್ತದೆ.

ಪ್ರಶ್ನೆ: ನನ್ನ ಮಗನಿಗೆ 25. ಬೇರೆ ಊರಿನಲ್ಲಿ ಕೆಲಸ. ಎರಡು ವರ್ಷದಿಂದ ಯಾವಾಗ ಫೋನ್ ಮಾಡಿದರೂ ‘ಆಮೇಲೆ ಮಾಡ್ತೀನಮ್ಮ’ ಅನ್ನುತ್ತಾನೆ. ಮಾಡುವುದಿಲ್ಲ. ಮಾಡಿದಾಗ ನನಗೆ ಸಿಟ್ಟು ಬಂದು ಜಗಳವಾಗುತ್ತದೆ. ನಾನು ಏನು ಮಾಡಲಿ?
— ಒಬ್ಬ ತಾಯಿ

ಉತ್ತರ: ಅಮ್ಮಾ, ಮೇಲಿನ ಇಬ್ಬರ ಪತ್ರ ಓದಿದಿರಲ್ಲ? ನಿಮ್ಮ ಮಗ ಬಹುಶಃ ಅವರ ಹಾಗೇ ಇದ್ದಾನೆ. ‘ಆಮೇಲೆ’ ಅನ್ನುವಾಗ ಅವನು ಸುಳ್ಳು ಹೇಳುತ್ತಿಲ್ಲ. ಸಮಾಧಾನವಾಗಿ, ತಲೆ ತಿಳಿಯಾಗಿದ್ದಾಗ, ನಿಮ್ಮ ಜೊತೆ ಮನಸಾರೆ ಮಾತಾಡಬೇಕು ಅಂತ ಕಾಯುತ್ತಿದ್ದಾನೆ. ಆ ಹೊತ್ತು ಬರುವುದೇ ಇಲ್ಲ. ಒಂದು ವಾರ ದಾಟಿದರೆ ನಾಚಿಕೆ ಸೇರಿಕೊಳ್ಳುತ್ತದೆ. ಆಮೇಲೆ ಫೋನ್ ಎತ್ತುವುದೇ ಭಾರ.

ನಿಮ್ಮ ಸಿಟ್ಟು ಸುಳ್ಳಲ್ಲ. ಕಾದವರಿಗೆ ಬರುವ ಸಿಟ್ಟು ಅದು. ಆದರೆ ‘ಎಷ್ಟು ದಿನ ಆಯಿತು’ ಅಂತ ಶುರುವಾದ ಮಾತಿಗೆ ಅವನು ಕೊಡಬಹುದಾದ ಉತ್ತರ ಒಂದೇ, ಕಾರಣ. ನಿಮಗೆ ಬೇಕಾದದ್ದು ಕಾರಣವಲ್ಲ, ಅವನು.

ಅವನ ಬಿಡುವನ್ನು ಕೇಳಬೇಡಿ. ಅವನು ಬಸ್ಸಿನಲ್ಲೋ ನಡೆದುಕೊಂಡೋ ಹೋಗುವ ಹತ್ತು ನಿಮಿಷ ಯಾವುದು ಅಂತ ತಿಳಿದುಕೊಳ್ಳಿ. ವಾರಕ್ಕೆ ಎರಡು ದಿನ ಆ ಹತ್ತು ನಿಮಿಷ ನಿಮ್ಮದು ಅಂತ ಇಬ್ಬರೂ ಒಪ್ಪಿಕೊಳ್ಳಿ. ಹತ್ತು ನಿಮಿಷವಾದ ಮೇಲೆ ಫೋನ್ ಇಡುವವರು ನೀವೇ ಆಗಿ. ಕಷ್ಟ, ಗೊತ್ತು. ಆದರೆ ಮುಂದಿನ ಸಲ ಅವನು ಹೆದರದೆ ಎತ್ತುತ್ತಾನೆ. ಈ ನಡುವೆ ಒಂದು ಸಾಲಿನ ಮೆಸೇಜ್ ಕಳಿಸುತ್ತಿರಿ, ಉತ್ತರ ಬೇಡದಂಥದ್ದು. ‘ಹಿತ್ತಲಿನ ಬಾಗಿಲು ಸರಿಮಾಡಿಸಿದೆ.’ ‘ಇವತ್ತು ಜೋರು ಮಳೆ.’

ಮುಂದಿನ ಸಲ ಅವನೇ ಫೋನ್ ಮಾಡಿದಾಗ, ಎರಡು ತಿಂಗಳಾಗಿದ್ದರೂ ಸರಿ, ನಿನ್ನೆ ಬಿಟ್ಟ ಮಾತನ್ನು ಮುಂದುವರಿಸುವ ಹಾಗೆ ಶುರು ಮಾಡಿ. ಹೋದ ಸಲ ಅವನು ಏನು ಹೇಳಿದ್ದ? ಕೋಣೆಯ ಫ್ಯಾನ್ ಸದ್ದು ಮಾಡುತ್ತದೆ ಅಂದಿದ್ದನೇ? ಹಾಗಾದರೆ ಮೊದಲು ಅದನ್ನೇ ಕೇಳಿ. ‘ಆ ಫ್ಯಾನ್ ಇನ್ನೂ ಸದ್ದು ಮಾಡುತ್ತಾ?’